ಊರಾಚೆಯ ಕೋವರ್ಕಿಂಗ್: ಎರಡು ವರ್ಷ ಬಳಸಿದ ಮೇಲೆ ನಾಲ್ಕು ಸ್ಟಾರ್

ನಮ್ಮ ಕಂಪನಿ ನಗರದ ಆಫೀಸನ್ನು ಅರ್ಧಕ್ಕೆ ಇಳಿಸಿ, ಊರಾಚೆಯ ಒಂದು ಕೋವರ್ಕಿಂಗ್ (ಹಲವು ಕಂಪನಿಯವರು ಹಂಚಿಕೊಂಡು ಬಳಸುವ ಬಾಡಿಗೆ ಆಫೀಸು) ಸೆಂಟರ್‌ನಲ್ಲಿ ನಮ್ಮ ತಂಡಕ್ಕೆ ಒಂದು ಕ್ಯಾಬಿನ್, ಜೊತೆಗೆ ಕೆಲವು ಹಾಟ್ ಡೆಸ್ಕ್ (ಇಂಥವರದೇ ಅಂತ ಇಲ್ಲದೆ ಬಂದವರು ಕೂರುವ ಟೇಬಲ್) ತೆಗೆದುಕೊಂಡು ಎರಡು ವರ್ಷದ ಮೇಲಾಯ್ತು. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಆ ಒಂದು ಸ್ಟಾರ್ ಕಳೆದದ್ದು ಇಂಟರ್ನೆಟ್‌ನಿಂದ.

ಓಡಾಟದ ಹೊತ್ತು ಉಳಿಯುತ್ತದೆ ಅನ್ನೋದು ಎಲ್ಲರಿಗೂ ಗೊತ್ತಿರುವ ಮಾತೇ. ನನಗೆ ಆಶ್ಚರ್ಯವಾಗಿದ್ದು ಬೇರೆ. ಮನೆಯಿಂದಲೇ ಕೆಲಸ ಮಾಡ್ತೀವಿ ಅಂತ ಹಟ ಹಿಡಿದಿದ್ದವರೂ ಇಲ್ಲಿಗೆ ಬರತೊಡಗಿದರು. ಮನೆಯಲ್ಲಿ ಪ್ರತ್ಯೇಕ ಕೋಣೆ ಇಲ್ಲದವರಿಗೆ ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೊರಟರೆ ಕೆಲಸ ಮುಗಿಯಿತು ಅನ್ನೋದೇ ದೊಡ್ಡ ನೆಮ್ಮದಿ. ಆದರೆ ಮೊದಮೊದಲು ಒಬ್ಬೊಬ್ಬರು ಒಂದೊಂದು ದಿನ ಬರುತ್ತಿದ್ದರು. ಅಷ್ಟು ದೂರ ಬಂದು ಅಪರಿಚಿತರ ಮಧ್ಯೆ ಕೂತು ವಿಡಿಯೋ ಕಾಲ್ ಮಾಡೋದಾದರೆ ಮನೆಯೇ ಸಾಕಲ್ವಾ? ವಾರಕ್ಕೆ ಎರಡು ದಿನ ಇಡೀ ತಂಡ ಬರಬೇಕು ಅಂತ ಮಾಡಿದ ಮೇಲೆ ಜಾಗಕ್ಕೆ ಅರ್ಥ ಬಂತು.

ಈಗ ಇಂಟರ್ನೆಟ್ ವಿಷಯ. ಎರಡು ಕಂಪನಿಗಳ ಲೈನ್ ಇದೆ, ಒಂದು ಹೋದರೆ ಇನ್ನೊಂದು ಅಂತ ಸೆಂಟರ್‌ನವರು ಹೇಳಿದ್ದರು. ಸುಳ್ಳಲ್ಲ. ಆದರೆ ಎರಡೂ ಕೇಬಲ್ ಬರುತ್ತಿದ್ದುದು ಒಂದೇ ಗುಂಡಿಯಲ್ಲಿ. ರಸ್ತೆ ಅಗೆದವರು ಒಂದೇ ಏಟಿಗೆ ಎರಡನ್ನೂ ಕತ್ತರಿಸಿದರು. ನಗರದಲ್ಲಾದರೆ ಪಕ್ಕದ ಕಟ್ಟಡಕ್ಕೆ ಹೋಗಿ ಕೂರಬಹುದು. ಇಲ್ಲಿ ಪಕ್ಕದ ಕಟ್ಟಡ ಅನ್ನೋದೇ ಇಲ್ಲ. ಎಲ್ಲರೂ ಒಟ್ಟಿಗೆ ಹಾಟ್‌ಸ್ಪಾಟ್ ಹಾಕಿದಾಗ ಮೊಬೈಲ್ ನೆಟ್ಟೂ ಕೈಕೊಟ್ಟಿತು. ಆಮೇಲೆ ಟವರ್‌ನಿಂದ ನೇರ ಬರುವ ವೈರ್‌ಲೆಸ್ ಲಿಂಕ್ ಹಾಕಿಸಿದರು, ಅಂದಿನಿಂದ ತೊಂದರೆ ಇಲ್ಲ. ಹಾಗಾಗಿ ಎರಡು ಲೈನ್ ಇದೆಯಾ ಅಂತ ಕೇಳಿ ಸುಮ್ಮನಾಗಬೇಡಿ. ಎರಡೂ ಬೇರೆ ಬೇರೆ ದಾರಿಯಲ್ಲಿ ಕಟ್ಟಡಕ್ಕೆ ಬರುತ್ತವಾ ಅಂತ ಕೇಳಿ. ಡೌನ್‌ಲೋಡ್ ಸ್ಪೀಡ್ ತೋರಿಸಿ ಮೆಚ್ಚಿಸುತ್ತಾರೆ, ನೀವು ಅಪ್‌ಲೋಡ್ ನೋಡಿ. 1080ಪಿ ವಿಡಿಯೋ ಕಾಲ್‌ಗೆ ಒಬ್ಬರಿಗೇ ಸುಮಾರು 3ರಿಂದ 4 ಎಂಬಿಪಿಎಸ್ ಅಪ್‌ಲೋಡ್ ಬೇಕು. ಇಪ್ಪತ್ತು ಜನ ಒಟ್ಟಿಗೆ ಕ್ಯಾಮೆರಾ ಹಾಕಿದರೆ ಎಷ್ಟಾಗುತ್ತದೆ ಲೆಕ್ಕ ಹಾಕಿ. ನಿಮ್ಮ ಕಂಪನಿಗೇ ಬೇರೆ ವಿಎಲ್‌ಎಎನ್ (ಉಳಿದವರಿಂದ ಬೇರ್ಪಡಿಸಿದ ನೆಟ್‌ವರ್ಕ್) ಕೊಡಲು ಒಪ್ಪದಿದ್ದರೆ ಮುಂದಿನ ಮಾತೇ ಬೇಡ.

ಫೋನ್ ಬೂತ್ ಚೆನ್ನಾಗಿವೆ, ಆದರೆ ಬಾಗಿಲು ಹಾಕಿ ಅರ್ಧ ಗಂಟೆ ಕೂತರೆ ಸೆಖೆ. ಅಲುಗಾಡದೆ ಕೂತರೆ ಸೆನ್ಸರ್ ಲೈಟ್ ಆರಿಹೋಗುತ್ತದೆ. ಗಂಭೀರವಾಗಿ ಬಜೆಟ್ ಮಾತಾಡುತ್ತಾ ಮಧ್ಯೆ ಮಧ್ಯೆ ಕೈ ಬೀಸುವವರನ್ನು ಗಾಜಿನಾಚೆಯಿಂದ ನೋಡಬೇಕು! ಮೀಟಿಂಗ್ ರೂಮ್ ಕ್ರೆಡಿಟ್ (ರೂಮ್ ಬಳಸಲು ತಿಂಗಳಿಗೆ ಇಷ್ಟು ಅಂತ ಸಿಗುವ ಪಾಲು) ತಿಂಗಳ ಮಧ್ಯಕ್ಕೇ ಖಾಲಿ, ಅಪ್ಪಿತಪ್ಪಿ ಉಳಿದರೂ ಮುಂದಿನ ತಿಂಗಳಿಗೆ ಸೇರಿಸೋದಿಲ್ಲ. ಸ್ವಚ್ಛತೆ, ಪಾರ್ಕಿಂಗ್, ಪವರ್ ಬ್ಯಾಕಪ್‌ಗೆ ಹೆಸರಿಡುವಂಥದ್ದೇನಿಲ್ಲ.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಕಟ್ಟಡ ಯಾರದು ಅಂತ ವಿಚಾರಿಸಿ. ಕಟ್ಟಡವನ್ನು ದೀರ್ಘಾವಧಿ ಲೀಸ್‌ಗೆ ಪಡೆದು ಸೀಟು ಸೀಟಾಗಿ ಬಾಡಿಗೆಗೆ ಕೊಡೋದು ಹಳೇ ಪದ್ಧತಿ. ದೊಡ್ಡ ಕೋವರ್ಕಿಂಗ್ ಕಂಪನಿ ವೀವರ್ಕ್ ನವೆಂಬರ್ 2023ರಲ್ಲಿ ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕಿದ್ದು ಇಂಥ ಲೀಸ್‌ಗಳ ಭಾರಕ್ಕೇ. ರೀಜಸ್‌ನ (ಅದೂ ಇಂಥ ಆಫೀಸು ಬಾಡಿಗೆಗೆ ಕೊಡುವ ಕಂಪನಿ) ಮಾತೃಸಂಸ್ಥೆ ಐಡಬ್ಲ್ಯುಜಿ ಈಗ ಚಿಕ್ಕ ಊರುಗಳಲ್ಲಿ ಹೆಚ್ಚಾಗಿ ಕಟ್ಟಡದ ಮಾಲೀಕರ ಜೊತೆ ಪಾಲುದಾರಿಕೆ ಮಾಡಿಕೊಂಡು ಸೆಂಟರ್ ತೆರೆಯುತ್ತದೆ. ಯಾವ ಬಗೆಯಾದರೂ ಸರಿ, ನಡೆಸುವವರು ಬಾಗಿಲು ಹಾಕಿದರೆ ಡೆಪಾಸಿಟ್ ಯಾರು ವಾಪಸ್ ಕೊಡ್ತಾರೆ ಅನ್ನೋದನ್ನು ಬರವಣಿಗೆಯಲ್ಲೇ ಪಡೆಯಿರಿ. ಊರಾಚೆ ಬೇರೆ ಜಾಗ ಹುಡುಕೋದು ಸುಲಭವಲ್ಲ.

ಈ ಸಲ ರಿನ್ಯೂ ಮಾಡುವಾಗ ಹಾಟ್ ಡೆಸ್ಕ್‌ಗಳನ್ನು ಬಿಟ್ಟೆವು. ಆ ದುಡ್ಡಿಗೆ ಪಕ್ಕದ ಸ್ವಲ್ಪ ದೊಡ್ಡ ಕ್ಯಾಬಿನ್ ಸಿಕ್ಕಿತು, ಅದರಲ್ಲಿ ನಮ್ಮದೇ ಒಂದು ಮೀಟಿಂಗ್ ಟೇಬಲ್ ಹಿಡಿಸುತ್ತದೆ. ಕ್ರೆಡಿಟ್‌ನ ರಗಳೆಯೂ ಮುಗಿಯಿತು.