ಮೈಲುತುತ್ತದ ಹರಳಿಗೆ ಕರಿ ಪುಡಿಯೋ, ಹಸಿರು ಪುಡಿಯೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಹಸಿರು ಪುಡಿಗೆ, ಅಂದರೆ ಕಾಪರ್ ಕಾರ್ಬೊನೇಟ್‌ಗೆ. ಹೋದ ವರ್ಷ ಕರಿ ಪುಡಿ, ಅದೇ ಕಾಪರ್ ಆಕ್ಸೈಡ್ ತರಿಸಿ ಪಟ್ಟ ಪಾಡು ಸಾಕಾಗಿದೆ.

ನಾನು ಚಿಕ್ಕಬಳ್ಳಾಪುರದ ಹತ್ತಿರ ಹೈಸ್ಕೂಲಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಕರಗುವ ಲವಣ ತಯಾರಿಸುವ ಪ್ರಯೋಗಕ್ಕೆ ನಮ್ಮಲ್ಲಿ ಮೈಲುತುತ್ತವೇ (ಕಾಪರ್ ಸಲ್ಫೇಟ್) ಸರಿ. ದ್ರಾಕ್ಷಿ ತೋಟದ ಮನೆಯ ಮಕ್ಕಳು ಅದನ್ನು ಸುಣ್ಣದ ಜೊತೆ ಕಲಸಿ ಬೋರ್ಡೋ ದ್ರಾವಣ ಮಾಡುವುದನ್ನು ನೋಡಿರುತ್ತಾರೆ. ‘ಮಿಸ್, ನಮ್ಮಪ್ಪ ಗಿಡಕ್ಕೆ ಹೊಡೆಯೋದು ಇದೇ ಅಲ್ವಾ?’ ಅಂತ ಒಬ್ಬರಾದರೂ ಕೇಳುತ್ತಾರೆ.

ತೊಂದರೆ ಆಗಿದ್ದು ಇಲ್ಲಿ. 25 ಮಿ.ಲೀ. ಒಂದು ಮೋಲಾರ್ ಸಲ್ಫ್ಯೂರಿಕ್ ಆಮ್ಲಕ್ಕೆ ಲೆಕ್ಕದ ಪ್ರಕಾರ 2 ಗ್ರಾಂ ಆಕ್ಸೈಡ್ ಸಾಕು, ನಾವು ಎರಡೂವರೆ ಹಾಕಿದ್ದೆವು. ಆದರೆ ಆಮ್ಲ ಬಿಸಿ ಇಲ್ಲದಿದ್ದರೆ ಕರಿ ಪುಡಿ ಬೇಗ ಕರಗುವುದಿಲ್ಲ, ಸುಮ್ನೆ ತಳದಲ್ಲಿ ಕೂತಿರುತ್ತದೆ. ನಮ್ಮಲ್ಲಿ ಸ್ಪಿರಿಟ್ ದೀಪ ಎರಡೇ, ಗುಂಪು ಆರು. ದೀಪಕ್ಕೆ ಕಾದು ಸಾಕಾದ ಮಕ್ಕಳು, ತಳದಲ್ಲಿ ಕಪ್ಪು ಉಳಿದಿದೆ ಅಂದರೆ ಆಮ್ಲ ಮುಗಿದಿದೆ ಅಂದುಕೊಂಡು ಸೋಸಿಬಿಟ್ಟರು. ಮುಗಿದಿರಲಿಲ್ಲ.

ನೀರು ಇಂಗುತ್ತಾ ಹೋದ ಹಾಗೆ ಉಳಿದ ಆಮ್ಲ ಗಾಢವಾಗುತ್ತಾ ಬಂತು. ಹರಳೇನೋ ಬಂತು, ಆದರೆ ಮೂರು ದಿನವಾದರೂ ಜಿಗುಟು ಹೋಗಲಿಲ್ಲ. ಒತ್ತಿ ಒಣಗಿಸಲು ಇಟ್ಟ ಫಿಲ್ಟರ್ ಪೇಪರ್ ಅಂಚಿನಲ್ಲಿ ಕಂದಾಗಿ, ಎತ್ತಿದರೆ ಪುಡಿಪುಡಿಯಾಗಿ ಕಿತ್ತು ಬರುತ್ತಿತ್ತು. ಸೋಸುವ ಮೊದಲು ಲಿಟ್ಮಸ್ ಅದ್ದಿ ನೋಡೋಣ ಅಂದರೆ ಅದೂ ಆಗದು, ಮೈಲುತುತ್ತದ ನೀರೇ ನೀಲಿ ಲಿಟ್ಮಸ್ಸನ್ನು ಕೆಂಪು ಮಾಡುತ್ತದೆ.

ಹಸಿರು ಪುಡಿಗೆ ಈ ಅನುಮಾನವೇ ಇಲ್ಲ. ತಣ್ಣಗಿನ ಆಮ್ಲದಲ್ಲೇ ಬುಸ್ ಅಂತ ನೊರೆ ಎಬ್ಬಿಸುತ್ತದೆ. ಇನ್ನಷ್ಟು ಪುಡಿ ಹಾಕಿ ಕಲಕಿದರೂ ಗುಳ್ಳೆ ಬರದೆ, ಹಸಿರು ತಳಕ್ಕೆ ಕೂತರೆ ಆಮ್ಲ ಮುಗಿಯಿತು ಅಂತ ಲೆಕ್ಕ. ಕೊನೇ ಬೆಂಚಿನವರಿಗೂ ಕಾಣುತ್ತದೆ. ದೀಪ ಬೇಕಾಗುವುದು ಕೊನೆಗೆ ನೀರು ಇಂಗಿಸಲು ಮಾತ್ರ, ಸ್ಪಿರಿಟ್ಟೂ ಉಳಿಯಿತು. ಅದನ್ನೂ ನಾನು ಅರ್ಧಕ್ಕೇ ನಿಲ್ಲಿಸಿ ಬಟ್ಟಲನ್ನು ಕಿಟಕಿಯಲ್ಲಿಡುತ್ತೇನೆ, ನಿಧಾನಕ್ಕೆ ಬಂದ ಹರಳು ದಪ್ಪಗಿರುತ್ತದೆ. ಪೂರ್ತಿ ಕಾಯಿಸಿದರೆ ನೀಲಿ ಹೋಗಿ ಬಿಳಿ ಪುಡಿ ಉಳಿಯುತ್ತದೆ.

ಒಂದೇ ಎಚ್ಚರಿಕೆ: ಚಿಟಿಕೆ ಚಿಟಿಕೆಯಾಗಿ ಹಾಕಬೇಕು, ಬೀಕರ್ ದೊಡ್ಡದಿರಬೇಕು. ಒಮ್ಮೆಗೇ ಸುರಿದರೆ ಹಾಲು ಉಕ್ಕಿದ ಹಾಗೆ ಮೇಜಿನ ಮೇಲೆಲ್ಲಾ. ಪುಡಿಯೂ ಜಾಸ್ತಿ ಹಿಡಿಯುತ್ತದೆ, 3 ಗ್ರಾಂಗಿಂತ ಸ್ವಲ್ಪ ಮೇಲೆ ತೂಗಿಟ್ಟುಕೊಳ್ಳಿ.

ಸತುವಿನ ಚೂರು ಹಾಕಿಯೂ ನೋಡಿದೆ, ಬಿಳಿ ಲವಣ, ಮಕ್ಕಳಿಗೆ ಖುಷಿಯಿಲ್ಲ. ಯಾವ ಪುಡಿಯಾದರೂ ಬೋರ್‌ವೆಲ್ ನೀರು ಬೇಡ, ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಕ್ಯಾನ್ ತನ್ನಿ.

ಉಳಿದ ಆಕ್ಸೈಡ್ ಡಬ್ಬಿ ಬೀರುವಿನಲ್ಲೇ ಇದೆ. ಗುಂಪಿಗೊಂದು ಬರ್ನರ್ ಇರುವ ಶಾಲೆಯವರು ಅದನ್ನೇ ಧಾರಾಳವಾಗಿ ಬಳಸಿ, ನಮ್ಮ ಎರಡು ದೀಪಕ್ಕೆ ಅದು ಒಗ್ಗಲಿಲ್ಲ.