ಎಸ್‌ಕ್ಯೂಲೈಟ್: ಸಣ್ಣ ವೆಬ್ ಆ್ಯಪ್‌ಗಳಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ಅಂಗಡಿಯ ಸ್ಟಾಕ್ ಪಟ್ಟಿ, ಸಂಘದ ಲೆಕ್ಕಪತ್ರ, ಪುಟ್ಟ ಕನ್ನಡ ಸೈಟ್: ಹೀಗೆ ಒಂದೇ ಸರ್ವರ್‌ನಲ್ಲಿ ಓಡುವ ಆ್ಯಪ್‌ಗೆ ಬೇರೆ ಡೇಟಾಬೇಸ್ ಸರ್ವರ್ ಹಾಕುವ ಮೊದಲು, ಸರ್ವರ್ ಬೇಡದೆ ಆ್ಯಪ್‌ನೊಳಗೇ ಓಡುವ ಡೇಟಾಬೇಸ್ ಎಸ್‌ಕ್ಯೂಲೈಟ್ (SQLite) ನೋಡಿ. 2000ದಲ್ಲಿ ರಿಚರ್ಡ್ ಹಿಪ್ ಶುರು ಮಾಡಿದ್ದು. ಲೈಸೆನ್ಸ್ ಗೋಜಿಲ್ಲ, ಇಡೀ ಡೇಟಾಬೇಸ್ ಒಂದೇ ಫೈಲ್. ನಂಬಿ ಇಟ್ಟುಕೊಳ್ಳಬಹುದಾದ ಸಾಮಾನು. ಆದರೆ ಹಳೆಯ ಆ್ಯಪ್‌ಗಳು ಕೆಡಬಾರದೆಂದು ಡಿಫಾಲ್ಟ್‌ಗಳನ್ನು ಹಳೆಯದಾಗಿಯೇ ಉಳಿಸಿದ್ದಾರೆ. ಅವನ್ನು ಬದಲಿಸದೆ ಬಳಸಿದವರೇ ಆಮೇಲೆ ಬೈಯುವುದು.

ಮೊದಲು ಜರ್ನಲ್ ಮೋಡ್, ಅಂದರೆ ಬದಲಾವಣೆಗಳನ್ನು ದಾಖಲಿಸುವ ರೀತಿಯನ್ನು, ವಾಲ್‌ಗೆ (WAL: ಬದಲಾವಣೆಯನ್ನು ಮೊದಲು ಪಕ್ಕದ ಫೈಲ್‌ನಲ್ಲಿ ಬರೆಯುವ ವಿಧಾನ) ಬದಲಿಸಿ. ಓದುವವರು ಓದುತ್ತಿರುವಾಗಲೇ ಒಬ್ಬರು ಬರೆಯಬಹುದು. ಇದನ್ನು ಒಮ್ಮೆ ಮಾಡಿದರೆ ಸಾಕು, ಫೈಲ್‌ನಲ್ಲೇ ಉಳಿಯುತ್ತದೆ. ಫಾರಿನ್ ಕೀ (ಒಂದು ಟೇಬಲ್‌ನ ಸಾಲನ್ನು ಇನ್ನೊಂದರ ಸಾಲಿಗೆ ಕಟ್ಟುವ ಕೊಂಡಿ) ಮತ್ತು ಬ್ಯುಸಿ ಟೈಮ್‌ಔಟ್ (ಬೇರೊಬ್ಬರು ಬರೆಯುತ್ತಿದ್ದರೆ ಕಾಯುವ ಅವಧಿ) ಹಾಗಲ್ಲ, ಪ್ರತಿ ಕನೆಕ್ಷನ್ ತೆರೆದಾಗಲೂ ಹೊಸದಾಗಿ ಹೇಳಬೇಕು. ಫಾರಿನ್ ಕೀ ಆನ್ ಮಾಡದಿದ್ದರೆ ಟೇಬಲ್‌ನಲ್ಲಿ ಬರೆದ ನಿರ್ಬಂಧ ಬರೀ ಅಲಂಕಾರ: ಗ್ರಾಹಕನನ್ನು ಅಳಿಸಿದರೂ ಅವನ ಬಿಲ್ಲುಗಳು ಅನಾಥವಾಗಿ ಉಳಿಯುತ್ತವೆ. ಬ್ಯುಸಿ ಟೈಮ್‌ಔಟ್ ಮೂಲತಃ ಸೊನ್ನೆ, 5000 ಮಿಲಿಸೆಕೆಂಡ್ ಕೊಡಿ. ಪೈಥಾನ್‌ನ ಡ್ರೈವರ್ ತಾನಾಗಿಯೇ 5 ಸೆಕೆಂಡ್ ಇಡುತ್ತದೆ, ಎಲ್ಲ ಡ್ರೈವರ್‌ಗಳೂ ಇಡುವುದಿಲ್ಲ.

ಇಷ್ಟಾದರೂ ಕೆಲವೊಮ್ಮೆ ಒಂದು ಕ್ಷಣವೂ ಕಾಯದೆ ‘ಡೇಟಾಬೇಸ್ ಈಸ್ ಲಾಕ್ಡ್’ ಬರುತ್ತದೆ. ಕಾರಣ ಟ್ರಾನ್ಸಾಕ್ಷನ್ (ಒಟ್ಟಿಗೇ ಆಗಬೇಕಾದ ಓದು-ಬರಹಗಳ ಕಟ್ಟು) ಶುರುವಾದ ರೀತಿ. ಬರೀ ಬಿಗಿನ್ (BEGIN) ಆದೇಶ ಕೊಟ್ಟರೆ ಅದು ಓದುವವನಾಗಿ ಶುರುವಾಗುತ್ತದೆ. ಸ್ಟಾಕ್ ಎಷ್ಟಿದೆ ಎಂದು ಓದಿ, ಆಮೇಲೆ ಕಡಿಮೆ ಮಾಡಲು ಹೊರಟಾಗ ಮಧ್ಯೆ ಬೇರೊಬ್ಬರು ಬರೆದಿದ್ದರೆ, ನೀವು ಓದಿದ್ದು ಆಗಲೇ ಹಳಸಿದೆ. ಕಾದರೂ ಅದು ಹೊಸದಾಗದು, ಅದಕ್ಕೇ ಟೈಮ್‌ಔಟ್ ಲೆಕ್ಕಕ್ಕೇ ಬರುವುದಿಲ್ಲ. ಬರೆಯುವ ಉದ್ದೇಶವಿರುವ ಟ್ರಾನ್ಸಾಕ್ಷನ್ ಅನ್ನು ಬಿಗಿನ್ ಇಮ್ಮಿಡಿಯೇಟ್ ಎಂದೇ ತೆರೆಯಿರಿ.

ಕಾಲಂ ಟೈಪ್ ವಿಷಯದಲ್ಲೂ ಸಡಿಲ: ಇಂಟಿಜರ್ ಕಾಲಂಗೆ ‘ಹತ್ತು’ ಎಂದು ಹಾಕಿದರೂ ತಕರಾರಿಲ್ಲದೆ ಒಳಗಿಟ್ಟುಕೊಳ್ಳುತ್ತದೆ. 2021ರ 3.37ನೇ ಆವೃತ್ತಿಯಿಂದ ಟೇಬಲ್ ಕೊನೆಯಲ್ಲಿ ಸ್ಟ್ರಿಕ್ಟ್ ಬರೆದರೆ ತಪ್ಪು ಟೈಪನ್ನು ತಡೆಯುತ್ತದೆ. ಹೊಸ ಟೇಬಲ್‌ಗಳಿಗೆಲ್ಲ ಹಾಕಿ.

ಕನ್ನಡದವರು ಎಡವುವುದು ಹುಡುಕಾಟದಲ್ಲಿ. ಫುಲ್ ಟೆಕ್ಸ್ಟ್ ಹುಡುಕಾಟದ ಎಫ್‌ಟಿಎಸ್5 ಒಳ್ಳೆಯ ಸೌಲಭ್ಯವೇ. ಆದರೆ ಪಠ್ಯವನ್ನು ಪದಗಳಾಗಿ ಒಡೆಯುವ ಅದರ ಡಿಫಾಲ್ಟ್ ಟೋಕನೈಸರ್ ಯೂನಿಕೋಡ್61 ಅಕ್ಷರ, ಅಂಕಿ ಮತ್ತು ಖಾಸಗಿ ಬಳಕೆಯ ಸಂಕೇತಗಳನ್ನಷ್ಟೇ ಪದದ ಭಾಗವೆಂದು ಎಣಿಸುತ್ತದೆ. ನಮ್ಮ ಕಾಗುಣಿತದ ಗುರುತುಗಳು ಯೂನಿಕೋಡ್ ಪ್ರಕಾರ ಎಂಎನ್ (Mn), ಎಂಸಿ (Mc) ಎಂಬ, ಅಕ್ಷರಕ್ಕೆ ಅಂಟುವ ಗುರುತುಗಳ ವರ್ಗದವು. ಅವು ಅದರ ಕಣ್ಣಿಗೆ ಖಾಲಿ ಜಾಗವಿದ್ದಂತೆ. ‘ಬೇಳೆ’ ಒಳಗೆ ಹೋಗುವುದು ‘ಬ’, ‘ಳ’ ಎಂಬ ಎರಡು ತುಂಡಾಗಿ. ‘ಬಾಳೆ’ಯೂ ಅಷ್ಟೇ. ಹೀಗಾಗಿ ಬೇಳೆ ಹುಡುಕಿದವರಿಗೆ ಬಾಳೆಹಣ್ಣು, ಕೋಳಿ ಹುಡುಕಿದವರಿಗೆ ಕಾಳು. ಎರರ್ ಎಂಬುದಿಲ್ಲ, ಫಲಿತಾಂಶಗಳಂತೂ ಬರುತ್ತಲೇ ಇರುತ್ತವೆ. ಹಾಗಾಗಿ ಇಂಗ್ಲಿಷ್ ಪದ ಹಾಕಿ ಟೆಸ್ಟ್ ಮಾಡಿದವರಿಗೆ ಇದು ಗೊತ್ತೇ ಆಗುವುದಿಲ್ಲ.

ಪರಿಹಾರ ಸುಲಭ. ಟೇಬಲ್ ಮಾಡುವಾಗ ಟೋಕನೈಸರ್‌ನ ಕೆಟಗರೀಸ್ ಆಯ್ಕೆಯಲ್ಲಿ ಈಗಿರುವ ಮೂರು ವರ್ಗಗಳ ಜೊತೆ ಎಂಎನ್, ಎಂಸಿ ಸೇರಿಸಿ. ಈ ಆಯ್ಕೆ 2018ರ 3.25ನೇ ಆವೃತ್ತಿಯಿಂದ ಇದೆ. ಇರುವ ಟೇಬಲ್‌ನ ಟೋಕನೈಸರ್ ಬದಲಿಸಲು ಬರುವುದಿಲ್ಲ, ಹೊಸ ಟೇಬಲ್ ಮಾಡಿ ಮತ್ತೆ ತುಂಬಬೇಕು. ‘ಬೇಳೆಯನ್ನು’, ‘ಬೇಳೆಗೆ’ ಕೂಡ ಸಿಗಬೇಕಾದರೆ ಪದದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿ ಹುಡುಕಿ.

‘ಆನ್‌ಲೈನ್’ ಥರದ ಪದಗಳಲ್ಲಿ ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯುಎನ್‌ಜೆ (ZWNJ) ಅಕ್ಷರ ಕೂತಿರುತ್ತದೆ, ಅಲ್ಲೂ ಪದ ಮುರಿಯುತ್ತದೆ. ಇಂಡೆಕ್ಸ್‌ಗೆ ಹಾಕುವ ಪ್ರತಿಯಿಂದ ಮತ್ತು ಹುಡುಕುವ ಪದದಿಂದ ಅದನ್ನು ತೆಗೆಯಿರಿ. ತೋರಿಸುವ ಪಠ್ಯದಲ್ಲಿ ಮಾತ್ರ ಹಾಗೇ ಇರಲಿ, ಇಲ್ಲವಾದರೆ ಬೇಡದ ಒತ್ತಕ್ಷರ ಮೂಡಿ ಓದಲು ಕಷ್ಟ. ಜೊತೆಗೆ ‘ಮೊ’ದಲ್ಲಿರುವ ಒತ್ವವನ್ನು ಒಂದೇ ಕೋಡ್ ಆಗಿಯೂ ಎರಡು ತುಂಡಾಗಿಯೂ ಬರೆಯಬಹುದು. ನೋಡಲು ಒಂದೇ, ಎಸ್‌ಕ್ಯೂಲೈಟ್‌ಗೆ ಬೇರೆ ಬೇರೆ. ಉಳಿಸುವ ಮುನ್ನ ಮತ್ತು ಹುಡುಕುವ ಮುನ್ನ ಎನ್‌ಎಫ್‌ಸಿ (NFC, ತುಂಡುಗಳನ್ನು ಒಂದೇ ಕೋಡ್ ಆಗಿ ಕೂಡಿಸುವ ಯೂನಿಕೋಡ್ ರೂಪ) ರೂಪಕ್ಕೆ ತನ್ನಿ, ಜಾವಾಸ್ಕ್ರಿಪ್ಟ್‌ನಲ್ಲಿ ನಾರ್ಮಲೈಝ್ ಎಂಬ ಒಂದೇ ಕರೆ ಸಾಕು. ಹೆಸರಿನ ಉದ್ದಕ್ಕೆ ಮಿತಿ ಹಾಕುವಾಗಲೂ ಗಮನವಿರಲಿ: ಲೆಂತ್ ಫಂಕ್ಷನ್‌ಗೆ ‘ಲಕ್ಷ್ಮಿ’ ಎರಡಕ್ಷರವಲ್ಲ, 7.

ಬ್ಯಾಕಪ್ ಎಂದು ಓಡುತ್ತಿರುವ ಆ್ಯಪ್‌ನ ಫೈಲನ್ನು ಹಾಗೆಯೇ ಕಾಪಿ ಮಾಡಬೇಡಿ. ಇತ್ತೀಚಿನ ಬರಹಗಳು ಪಕ್ಕದ ವಾಲ್ ಫೈಲ್‌ನಲ್ಲಿರಬಹುದು. ವ್ಯಾಕ್ಯೂಮ್ ಇಂಟು (VACUUM INTO) ಆದೇಶ ಬಳಸಿದರೆ ಒಂದೇ ಅಚ್ಚುಕಟ್ಟಾದ ಪ್ರತಿ ಸಿಗುತ್ತದೆ. ನೆಟ್‌ವರ್ಕ್ ಡ್ರೈವ್ ಮೇಲೆ ಫೈಲ್ ಇಟ್ಟು ಎರಡು ಸರ್ವರ್‌ಗಳಿಂದ ತೆರೆಯುವ ಯೋಚನೆಯಿದ್ದರೆ ಕೈಬಿಡಿ. ವಾಲ್‌ಗೆ ಎಲ್ಲರೂ ಒಂದೇ ಯಂತ್ರದ ಮೆಮೊರಿ ಹಂಚಿಕೊಳ್ಳಬೇಕು, ಅಲ್ಲಿ ಅದು ನಡೆಯದು. ಎರಡನೇ ಸರ್ವರ್ ಬೇಕಾದ ದಿನ ಪೋಸ್ಟ್‌ಗ್ರೆಸ್‌ನಂಥ ಪ್ರತ್ಯೇಕ ಡೇಟಾಬೇಸ್ ಸರ್ವರ್‌ಗೆ ಹೋಗಿ.