ಮಲಗಿಸಿ ನೋಡಿದ ಬಿಪಿ ನಂಬಿ ಸುಮ್ಮನಿರಬೇಡಿ

ಹತ್ತು-ಹದಿನೈದು ವರ್ಷದಿಂದ ಶುಗರ್ ಇರುವ ಹಿರಿಯರು ಬೆಳಗಿನ ಜಾವ ಮೂತ್ರಕ್ಕೆಂದು ಎದ್ದು ಬಾತ್‌ರೂಮಿನ ಬಾಗಿಲಲ್ಲೇ ಕುಸಿಯುತ್ತಾರೆ. ‘ನಿಶ್ಶಕ್ತಿ’ ಅಂತ ಮನೆಯವರು ಕ್ಲಿನಿಕ್ಕಿಗೆ ಕರೆದೊಯ್ದರೆ ಅಲ್ಲಿ ಮಲಗಿಸಿ ನೋಡಿದ ಬಿಪಿ 140/80. ಒಂದು ಡ್ರಿಪ್ಪು, ಒಂದು ಬಿ-ಕಾಂಪ್ಲೆಕ್ಸ್ ಇಂಜೆಕ್ಷನ್, ವಾಪಸ್ ಮನೆಗೆ. ಮುಂದಿನ ಸಲ ಬಿದ್ದಾಗ ಸೊಂಟದ ಮೂಳೆಯೇ ಮುರಿದಿರುತ್ತದೆ. ಇಂಥ ಎಡವಟ್ಟು ಮತ್ತೆ ಮತ್ತೆ ಆಗುತ್ತಿದೆ.

ಇದೇ ಹಿರಿಯರಿಗೆ ಮೊದಲಿನಿಂದಲೂ ಅಂಗಾಲು ಉರಿ, ಜೋಮು. ಹವಾಯಿ ಚಪ್ಪಲಿ ಕಳಚಿದ್ದೂ ತಿಳಿಯದೆ ನಾಲ್ಕು ಹೆಜ್ಜೆ ನಡೆದಿರುತ್ತಾರೆ. ಈ ಜೋಮಿಗೂ ಬೀಳುವುದಕ್ಕೂ ನಂಟಿರಬಹುದು ಅಂತ ಯಾರಿಗೂ ಹೊಳೆಯುವುದಿಲ್ಲ. ಪಾದದ ಸ್ಪರ್ಶದ ನರಗಳನ್ನು ಕೆಡಿಸುವ ಶುಗರ್, ರಕ್ತನಾಳ ಬಿಗಿಮಾಡುವ ನರಗಳನ್ನೂ ಬಿಡುವುದಿಲ್ಲ. ನಿಂತೊಡನೆ ಅರ್ಧ ಲೀಟರಿನಷ್ಟು ರಕ್ತ ಹೊಟ್ಟೆ, ಕಾಲುಗಳಿಗೆ ಇಳಿಯುತ್ತದೆ. ನಾಳ ಬಿಗಿಯಾಗದಿದ್ದರೆ ಬಿಪಿ ಇಳಿದು, ಮಿದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲೆ.

ಪರೀಕ್ಷೆಗೆ ಖರ್ಚೇನೂ ಇಲ್ಲ. 5 ನಿಮಿಷ ಮಲಗಿಸಿ ಬಿಪಿ, ನಾಡಿ ಬರೆದುಕೊಳ್ಳಿ. ನಿಲ್ಲಿಸಿ, 1ನೇ ಮತ್ತು 3ನೇ ನಿಮಿಷಕ್ಕೆ ಮತ್ತೆ ನೋಡಿ. ಹಿಡಿದುಕೊಳ್ಳಲು ಪಕ್ಕದಲ್ಲಿ ಒಬ್ಬರಿರಲಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಕಾರಣ ಅಲ್ಲಿದೆ. ಅಷ್ಟು ಇಳಿದರೂ ನಾಡಿ 15ರಷ್ಟು ಕೂಡ ಏರದಿದ್ದರೆ ನರದ ಮೇಲೆ ಅನುಮಾನ. ಜೋರಾಗಿ ಏರಿದರೆ ಭೇದಿ, ರಕ್ತಸ್ರಾವ, ನೀರಿನಂಶದ ಕೊರತೆ ಹುಡುಕಬೇಕು. (ನಾಡಿ ನಿಧಾನಿಸುವ ಅಟೆನೊಲಾಲ್ ಥರದ ಮಾತ್ರೆ ತಗೊಳ್ಳುವವರಲ್ಲಿ ನಾಡಿಯ ಲೆಕ್ಕ ನಂಬುವಂತಿಲ್ಲ.)

ಜೊತೆಗೆ ಮಾತ್ರೆಯ ಡಬ್ಬಿ ಪೂರ್ತಿ ಡಾಕ್ಟರ ಮುಂದೆ ಸುರಿಯಿರಿ. ಪ್ರಾಸ್ಟೇಟಿಗೆ ಕೊಟ್ಟ ಟ್ಯಾಮ್ಸುಲೋಸಿನ್, ಬಿಪಿಗೆ ಪ್ರಾಜೋಸಿನ್, ನೀರು ಹೋಗಿಸುವ ಮಾತ್ರೆ ಎಲ್ಲವೂ ನಿಂತಾಗ ಬಿಪಿ ಇಳಿಸಬಲ್ಲವು. ಕಾಲುರಿಗೆಂದು ಕೊಡುವ ಅಮಿಟ್ರಿಪ್ಟಿಲಿನ್ನೂ ಅಷ್ಟೇ: ಉರಿ ಕಡಿಮೆಯಾಯಿತು, ಬೀಳುವುದು ಹೆಚ್ಚಾಯಿತು! ಹಾಗಂತ ನೀವೇ ನಿಲ್ಲಿಸಬೇಡಿ.

ಶುಗರಿನ ಮಾತ್ರೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡರೆ ನರಕ್ಕೆ ಬೇಕಾದ ಬಿ12 ವಿಟಮಿನ್ ಇಳಿಯಬಹುದು, ಸಸ್ಯಾಹಾರಿಗಳಲ್ಲಿ ಇನ್ನೂ ಬೇಗ. ಬಿ12 ಪರೀಕ್ಷೆಗೆ ರಕ್ತ ಕೊಟ್ಟ ಮೇಲೆ ಇಂಜೆಕ್ಷನ್ ಹಾಕಿಸಿ. ಮೊದಲೇ ಹಾಕಿಸಿದರೆ ರಿಪೋರ್ಟು ಸುಳ್ಳು ಹೇಳುತ್ತದೆ. ಬರೀ ಫೋಲಿಕ್ ಆಸಿಡ್ ನುಂಗಿದರೆ ರಕ್ತಹೀನತೆ ಸರಿಹೋದಂತೆ ಕಾಣುತ್ತದೆ, ನರ ಮಾತ್ರ ಕೆಡುತ್ತಲೇ ಹೋಗುತ್ತದೆ.

ಮಲಗಿದ್ದಾಗ, ಮೆಟ್ಟಿಲು ಹತ್ತುವಾಗ ಅಥವಾ ಎದೆ ಡವಡವ ಎಂದ ಬೆನ್ನಿಗೇ ಪ್ರಜ್ಞೆ ತಪ್ಪಿದರೆ ಅದು ಹೃದಯದ ತೊಂದರೆ ಇರಬಹುದು, ಅವತ್ತೇ ಇಸಿಜಿ ಆಗಬೇಕು. ಕಾಲಿನ ಜೋಮು, ಬಲಹೀನತೆ ದಿನದಿನಕ್ಕೆ ಮೇಲೇರುತ್ತಿದ್ದರೆ ಕ್ಲಿನಿಕ್ ಬಿಟ್ಟು ನೇರ ವೆಂಟಿಲೇಟರ್ ಇರುವ ಆಸ್ಪತ್ರೆಗೆ ಹೋಗಿ: ಉಸಿರಾಟದ ಸ್ನಾಯುವಿಗೂ ಅದು ತಲುಪಬಹುದು.